ಒಂದೇ ‘ಕಡಿಮೆ’ ಸಾಲದು

ಸಾಲಹಳ್ಳಿಗೆ ಅಭ್ಯಾಸ ಬೋಧನೆಗೆ ಹೋದಾಗ ಒಂಬತ್ತನೆಯ ತರಗತಿಯ ಮಕ್ಕಳ ಶಬ್ದಾರ್ಥದ ನೋಟುಬುಕ್ಕುಗಳನ್ನು ತಿರುವಿ ನೋಡಿದೆ. ಡಿಕ್ರೀಸ್, ರಿಡ್ಯೂಸ್, ಡಿಮಿನಿಶ್, ಡ್ವಿಂಡಲ್, ಸಬ್‌ಸೈಡ್ ಐದಕ್ಕೂ ಎದುರಿಗೆ ‘ಕಡಿಮೆಯಾಗು’ ಎಂದೇ ಇತ್ತು. ಗೈಡುಗಳಲ್ಲಿ ಹಾಗೆ ಇರುತ್ತದೆ, ಮಕ್ಕಳದೇನೂ ತಪ್ಪಿಲ್ಲ. ಒಬ್ಬ ಹುಡುಗಿ ಎದ್ದು ನಿಂತು, “ಎಲ್ಲಾದಕ್ಕೂ ಅರ್ಥ ಒಂದ ಇದ್ರ ಇಷ್ಟ್ಯಾಕ ಶಬ್ದ ಅದಾವ್ರಿ ಸರ? ಒಂದ ಬಾಯಿಪಾಠ ಮಾಡಿದ್ರ ಸಾಕಲ್ರಿ?” ಅಂದಳು. ಈ ಪ್ರಶ್ನೆಯನ್ನು ಸುಮ್ಮನೆ ದಾಟಿಬಿಟ್ಟರೆ ಆ ಮಗುವಿನ ಪಾಲಿಗೆ ಇಂಗ್ಲಿಷ್ ಎಂದರೆ ಕಾರಣವಿಲ್ಲದ ಶಬ್ದಗಳ ರಾಶಿಯಾಗಿ ಉಳಿಯುತ್ತದೆ. ಮರುದಿನದ ಪಾಠಯೋಜನೆಯನ್ನು ಅದರ ಸುತ್ತಲೇ ಬರೆದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿದ್ದು ಈ ಕಡೆ ಯಾರಿಗೂ ಮರೆತಿಲ್ಲ. ಆಗ ಸಣ್ಣವರಿದ್ದ ಇವರು ಮನೆಯವರ ಬಾಯಲ್ಲಿ ಕೇಳಿದ್ದಾರೆ. ಕಡೆಗೆ ಮಳೆ ಏನಾಯಿತು ಅಂದೆ. “ಹೊಳವಾತ್ರಿ.” ಹೊಳೆಯ ನೀರು? “ಇಳೀತ್ರಿ.” ನವಿಲುತೀರ್ಥ ಡ್ಯಾಮಿನವರು ಏನು ಮಾಡಿದರು? ಹಿಂದಿನ ಬೆಂಚಿನಿಂದ ಒಬ್ಬ, “ಬಿಡೂ ನೀರು ಇಳಿಸಿದ್ರ್ರಿ” ಅಂದ. ಮಳೆ ಇಳಿಯಿತು ಎಂದಾಗಲಿ, ನೀರು ಹೊಳವಾಯಿತು ಎಂದಾಗಲಿ ಒಬ್ಬರೂ ಅನ್ನಲಿಲ್ಲ. ಯಾವ ವಸ್ತುವಿಗೆ ಯಾವ ಕ್ರಿಯಾಪದ ಎಂಬ ವಿವೇಕ ಅವರಲ್ಲಿ ಆಗಲೇ ಇತ್ತು.

‘ಇಳೀತು’ ಪಕ್ಕದಲ್ಲಿ ಸಬ್‌ಸೈಡ್ ಎಂದು ಬರೆದೆ. ಲ್ಯಾಟಿನ್ ಮೂಲದ ಈ ಶಬ್ದಕ್ಕೆ ಕೆಳಗೆ ಕೂಡುವುದು ಎಂಬ ಅರ್ಥವಿದೆ. ನೆರೆ, ಬಾವು, ಸಿಟ್ಟು ಮೂರಕ್ಕೂ ಇಂಗ್ಲಿಷಿನವರು ಅದನ್ನೇ ಬಳಸುತ್ತಾರೆ. ನಮ್ಮಲ್ಲೂ ಮೂರೂ ಇಳಿಯುತ್ತವೆ! ಮಳೆಗೆ ಅಬೇಟ್ ಹೇಳಿಕೊಟ್ಟೆ. ಆದರೆ ಹೊಳವಾದ ಮಳೆ ನಿಂತೇ ಹೋಗಿರುತ್ತದೆ. ಅಬೇಟ್ ಆದ ಮಳೆಗೆ ಜೋರು ಹೋಗಿದ್ದರೆ ಸಾಕು, ಹನಿಯುತ್ತಲೇ ಇರಬಹುದು. ಅದಕ್ಕೆ ‘ತಗ್ಗು’ ಇನ್ನೂ ಹತ್ತಿರ.

ಹೆಚ್ಚು ಹೊತ್ತು ತೆಗೆದುಕೊಂಡದ್ದು ಇಳಿ ಮತ್ತು ಇಳಿಸು. ತಾನೇ ಆಗುವುದು ಒಂದು, ಒಬ್ಬರು ಮಾಡುವುದು ಇನ್ನೊಂದು. ಕನ್ನಡದಲ್ಲಿ ‘ಇಸು’ ಹಚ್ಚಿದರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಅಂಥ ಬಾಲವಿಲ್ಲ, ಶಬ್ದವನ್ನೇ ಆರಿಸಬೇಕು. ರಿಡ್ಯೂಸ್ ಸಾಮಾನ್ಯವಾಗಿ ‘ಇಳಿಸು’. ಅದರ ಹಿಂದೆ ಒಂದು ಕೈಯೋ ಕಾರಣವೋ ಇರುತ್ತದೆ. ಸಬ್‌ಸೈಡ್ ಬರೀ ‘ಇಳಿ’. ಡ್ಯಾಮಿನವರು ನೀರನ್ನು ಸಬ್‌ಸೈಡ್ ಮಾಡಿದರು ಎಂಬ ವಾಕ್ಯ ನಿಲ್ಲುವುದಿಲ್ಲ. ಡಿಕ್ರೀಸ್ ಎರಡೂ ಕಡೆ ನಡೆಯುತ್ತದೆ. ಮಕ್ಕಳ ಇಂಗ್ಲಿಷ್ ವಾಕ್ಯಗಳು ಕೆಡುವುದು ಬಹುಪಾಲು ಇಲ್ಲೇ, ಅರ್ಥದಲ್ಲಿ ಅಲ್ಲ. ಶಬ್ದಾರ್ಥದ ಪಟ್ಟಿಯಲ್ಲಿ ‘ಆಗು’, ‘ಮಾಡು’ ಎಂಬ ಎರಡು ಕಾಲಮು ಹಾಕಿಸಿದರೆ ಅರ್ಧ ತೊಡಕು ಬಗೆಹರಿಯುತ್ತದೆ ಎಂದು ನನ್ನ ಅನಿಸಿಕೆ.

ಡ್ವಿಂಡಲ್‌ಗೆ ಮಗ್ಗ ಸಿಕ್ಕಿತು. ರಾಮದುರ್ಗದ ಕಡೆ ನೇಕಾರರು ಬಹಳ. ಪ್ರಶ್ನೆ ಕೇಳಿದ್ದ ಅದೇ ಹುಡುಗಿ, ತನ್ನ ಅಜ್ಜನ ಓಣಿಯಲ್ಲಿ ಮನೆಗೊಂದು ಕೈಮಗ್ಗ ಇದ್ದವು, “ಒಂದೊಂದ ಒಂದೊಂದ ಹೋಗಿ ಈಗ ಎರಡ ಉಳದಾವ್ರಿ” ಅಂದಳು. ಡ್ವಿಂಡಲ್ ಎಂದರೆ ಅದೇ: ಒಮ್ಮೆಲೇ ಅಲ್ಲ, ನೋಡನೋಡುತ್ತ, ಇಲ್ಲದಂತಾಗುವ ದಿಕ್ಕಿಗೆ. ಅದರಲ್ಲಿ ಸ್ವಲ್ಪ ಸಂಕಟವೂ ಸೇರಿದೆ. ಮಗ್ಗಗಳು ಡಿಕ್ರೀಸ್ ಆದವು ಎಂದರೆ ಲೆಕ್ಕ ಸರಿಯಿರುತ್ತದೆ, ಅಜ್ಜನ ಓಣಿ ಕಾಣುವುದಿಲ್ಲ.

ಉಳಿದವು ಬೇಗ ಮುಗಿದವು. ತೊಳೆದ ಹೊಸ ಅರಿವಿ ಗಿಡ್ಡಾದರೆ ಶ್ರಿಂಕ್. ಕಣ್ಣಿನ ಶಕ್ತಿಯೋ ಒಬ್ಬರ ಮಾತಿನ ತೂಕವೋ ಕುಂದಿದರೆ ಡಿಮಿನಿಶ್. ನೋವು ಹಗುರಾದರೆ ಲೆಸನ್. ಅದನ್ನು ಹೇಳಿದ ಕೂಡಲೇ ತರಗತಿ ನಕ್ಕಿತು. ಕಿವಿಗೆ ಅದು ಪಾಠ ಎನ್ನುವ ಲೆಸನ್ನೇ. ಪಾಠ ಕಡಿಮೆ ಮಾಡುತ್ತೇನೆ ಅಂದುಕೊಂಡಿರಬೇಕು.

ಪಾಠ ವೀಕ್ಷಿಸಿದ ಮಾರ್ಗದರ್ಶಕರು ಕನ್ನಡ ಹೆಚ್ಚಾಯಿತೆಂದು ಅಂಕ ಇಳಿಸಿದರು (ರಿಡ್ಯೂಸ್‌ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ). ಇಂಗ್ಲಿಷ್ ಪಿರಿಯಡ್ಡಿನಲ್ಲಿ ಇಂಗ್ಲಿಷ್ ಕಿವಿಗೆ ಬೀಳಬೇಕು ಎಂಬ ಅವರ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಪಿರಿಯಡ್ಡಿನಲ್ಲಿ ಬಂದದ್ದು ಭಾಷಾಂತರದ ಕನ್ನಡವಲ್ಲ. ಪಟ್ಟಿಯ ‘ಕಡಿಮೆಯಾಗು’ ಭೇದ ಅಳಿಸುವ ಕನ್ನಡ. ಮಕ್ಕಳ ‘ಹೊಳವಾತು’ ಭೇದ ತೋರಿಸುವ ಕನ್ನಡ.

ಎಲ್ಲಕ್ಕೂ ಜೋಡಿ ಸಿಗುತ್ತದೆಂದೂ ಅಲ್ಲ. “ನಮ್ಮ ಎತ್ತು ಸೊರಗೇತ್ರಿ, ಇದರಾಗ ಯಾವುದ ಹಚ್ಚೂದ್ರಿ?” ಎಂದು ಒಬ್ಬ ಕೇಳಿದ. ಹಲಗೆಯ ಮೇಲಿದ್ದ ಒಂದೂ ಹೊಂದಲಿಲ್ಲ. ಡ್ವಿಂಡಲ್ ಹಾಕಿದರೆ ಎತ್ತುಗಳ ಸಂಖ್ಯೆ ಕರಗಿದಂತಾಗುತ್ತದೆ. ಬಡಕಲಾಯಿತು ಎನ್ನಲು ಗ್ರೋ ಥಿನ್ ಎಂದು ಬರೆಸಿದೆ. ಸಂಜೆ ನಿಘಂಟು ತೆಗೆದರೆ, ಡ್ವಿಂಡಲ್ ಹುಟ್ಟಿದ ಹಳೆಯ ಇಂಗ್ಲಿಷ್ ಧಾತುವಿನ ಅರ್ಥ ಸೊರಗುವುದು ಎಂದೇ ಇತ್ತು. ಮರುದಿನ ಆ ಹುಡುಗನಿಗೆ ಹೇಳಿದೆ. “ಮತ್ತ ನಾ ಅದನ್ನ ಹಚ್ಚಾವ ಇದ್ನೆಲ್ರಿ” ಅಂದ.