ಮೌಸಿನ ದ್ವಿರುಕ್ತಿ

"ಹಾವು! ಹಾವು!" ಎಂದು ಕೂಗಿದರೆ ಅದು ದ್ವಿರುಕ್ತಿ ಎಂದು ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾವೆಂದರೆ ದ್ವಿರುಕ್ತಿಯಾಗದು. ಎರಡು ಬೇರೆ ಬೇರೆ ಹಾವುಗಳಾದಾವು. ಕಂಪ್ಯೂಟರಿಗೂ ಈ ವ್ಯಾಕರಣ ಗೊತ್ತೆಂಬುದು, ನಮ್ಮಣ್ಣನ ಮಗ ನಮ್ಮ ವಿಭಾಗಕ್ಕಾಗಿ ಜಾವಾ ಭಾಷೆಯಲ್ಲಿ ಅಂಕಪಟ್ಟಿಯ ಪ್ರೋಗ್ರಾಮೊಂದನ್ನು ಬರೆಯತೊಡಗಿದಾಗ ತಿಳಿಯಿತು. ಅವರು ಅದನ್ನು ಡಬಲ್ ಕ್ಲಿಕ್ ಎನ್ನುತ್ತಾರೆ. ವಿಂಡೋಸಿನಲ್ಲಿ ನಾವಾಗಿ ಬದಲಾಯಿಸದ ಹೊರತು, ಎರಡು ಒತ್ತುಗಳ ನಡುವೆ 500 ಮಿಲಿಸೆಕೆಂಡು, ಎಂದರೆ ಅರ್ಧ ಸೆಕೆಂಡು, ಮೀರಿತೋ ದ್ವಿರುಕ್ತಿ ಕೆಟ್ಟಿತು.

ಪಟ್ಟಿಯ ಸಾಲೊಂದನ್ನು ಎರಡು ಸಲ ಒತ್ತಿದರೆ ಆ ವಿದ್ಯಾರ್ಥಿಯ ವಿವರ ತೆರೆಯಬೇಕು. ಹುಡುಗನಿಗೆ ಬೇಕಾದದ್ದು ಇಷ್ಟೇ. ಆದರೆ ಮೊದಲ ಒತ್ತು ಬಿದ್ದಾಗ ಎರಡನೆಯದು ಬರುತ್ತದೆಯೋ ಇಲ್ಲವೋ ಬ್ರಹ್ಮನಿಗೂ ತಿಳಿಯದು. ಜಾವಾ ಮೊದಲು 'ಒಂದು' ಎಂದು ವರದಿ ಮಾಡಿ, ಆಮೇಲೆ 'ಎರಡು' ಎನ್ನುತ್ತದೆ. ಆದ್ದರಿಂದ ಮೊದಲನೆಯದಕ್ಕೆ ಸಾಲನ್ನು ಗುರುತಿಸುವಂಥ ನಿರಪಾಯದ ಕೆಲಸವನ್ನೇ ವಹಿಸಬೇಕಂತೆ. ಸಾಲೇ ಇಲ್ಲದ ಖಾಲಿ ಜಾಗದಲ್ಲಿ ಒತ್ತಿ 'ಇದು ಎಷ್ಟನೆಯ ಸಾಲು?' ಎಂದು ಕೇಳಿದರೆ -1 ಎಂಬ ಉತ್ತರ ಬರುತ್ತದೆ. 'ಇಲ್ಲ' ಎನ್ನುವುದಕ್ಕೂ ಒಂದು ಮರ್ಯಾದೆ!

ಎಲ್ಲ ಮುಗಿಯಿತೆಂದು ಹುಡುಗ ನನ್ನನ್ನು ಕರೆದು ತೋರಿಸಿದ. ನಾನು ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ, ಮೂರನೆಯ ಸಾಲನ್ನು ಎರಡು ಸಲ ಒತ್ತಿದೆ. ಸಾಲಿನಲ್ಲಿದ್ದವಳು ಒಬ್ಬಳು, ತೆರೆದ ಕಿಟಕಿಯಲ್ಲಿ ಕಂಡವನು ಇನ್ನೊಬ್ಬ! ಜೋಡಣೆ ಬದಲಾದದ್ದು ನಮ್ಮ ಕಣ್ಣಿಗೆ ಮಾತ್ರ. ಒಳಗಿನ ದಾಖಲೆ ಹಿಂದಿನ ಕ್ರಮದಲ್ಲೇ ಕುಳಿತಿತ್ತು. ಕಾಣುವ ಮೂರನೆಯವಳು ಅಲ್ಲಿ ಹದಿನೇಳನೆಯವಳೋ ಏನೋ. 2006ರಲ್ಲಿ ಬಂದ ಜಾವಾ 6, ಪಟ್ಟಿಗೆ ಹೀಗೆ ಜೋಡಿಸುವ ಶಕ್ತಿಯನ್ನು ಕೊಟ್ಟಾಗಲೇ ಹೊರಗಿನ ಸಾಲಿನಿಂದ ಒಳಗಿನ ಸಾಲನ್ನು ಕಂಡುಕೊಳ್ಳುವ ದಾರಿಯನ್ನೂ ಕೊಟ್ಟಿದೆ. ಆದರೆ ಕೇಳಿದವರಿಗೆ ಮಾತ್ರ.

"ಒಂದು ಸಾಲು ಸೇರಿಸಿದರಾಯಿತು, ಚಿಕ್ಕಪ್ಪ" ಎಂದ.

ಒಂದೇ ಸಾಲು, ನಿಜ. ಆ ಹುಡುಗಿಗೆ ಮರುಎಣಿಕೆಯಲ್ಲಿ ಸಿಕ್ಕ ನಾಲ್ಕು ಅಂಕಗಳನ್ನು ನಾನು ಅವಸರದಲ್ಲಿ ಅಲ್ಲಿ ತುಂಬಿದ್ದರೆ, ಅವಳು ಫೇಲಾಗಿಯೇ ಉಳಿಯುತ್ತಿದ್ದಳು, ಯಂತ್ರ ಚಕಾರವೆತ್ತುತ್ತಿರಲಿಲ್ಲ. ಕೆಟ್ಟು ನಿಂತ ಯಂತ್ರಕ್ಕೆ ನಾನು ಹೆದರುವುದಿಲ್ಲ, ಅದು ಕೆಟ್ಟಿದೆಯೆಂದು ಎಲ್ಲರಿಗೂ ಕಾಣುತ್ತದೆ.

ಸಾಲು ಸೇರಿಸುತ್ತಿದ್ದವನಿಗೆ, ಎಂಟರ್ ಕೀಲಿಯನ್ನು ಒತ್ತಿದರೂ ವಿವರ ತೆರೆಯುವಂತೆ ಮಾಡಪ್ಪ ಎಂದೆ. ನಮ್ಮ ವಿಭಾಗದಲ್ಲಿ ಹಿರಿಯರೊಬ್ಬರಿದ್ದಾರೆ. ಅವರು ಒಮ್ಮೆ ಒತ್ತಿ, ಕನ್ನಡಕ ಸರಿಮಾಡಿಕೊಂಡು, ಹೆಸರನ್ನು ಇನ್ನೊಮ್ಮೆ ಓದಿ, ಆಮೇಲೆ ಎರಡನೆಯ ಸಲ ಒತ್ತುತ್ತಾರೆ.