ದಾಟಬಾರದ ನದಿಯ ದಡಕ್ಕೆ

ನರ್ಮದಾ ಪರಿಕ್ರಮದ ಮಹಿಮೆಯನ್ನು ಕೇಳಿದವರು ನಮ್ಮ ನಾಡಿನಲ್ಲಿ ಬಹುಮಂದಿ, ಕೈಕೊಂಡವರು ಕಡಮೆ. ಅಮರಕಂಟಕದಲ್ಲಿ ಹುಟ್ಟಿ, 1312 ಕಿಲೋಮೀಟರು ಪಶ್ಚಿಮಾಭಿಮುಖವಾಗಿ ಹರಿದು, ಭರೂಚಿನಿಂದಾಚೆಗೆ ಖಂಭಾತದ ಕೊಲ್ಲಿಯನ್ನು ಸೇರುವ ಈ ನದಿಯನ್ನು ಬಲಕ್ಕಿಟ್ಟುಕೊಂಡು, ಒಂದು ದಡದಿಂದ ಹೋಗಿ ಮತ್ತೊಂದು ದಡದಿಂದ ಬರುವುದೇ ಪರಿಕ್ರಮ. ಎರಡು ದಡವೂ ಸೇರಿ ನಡಿಗೆ ಸುಮಾರು 2600 ಕಿಲೋಮೀಟರು. ಸಂಪ್ರದಾಯದವರು ಹೇಳುವ ಕಾಲಾವಧಿ 3 ವರ್ಷ, 3 ತಿಂಗಳು, 13 ದಿನ. ಚಾತುರ್ಮಾಸ್ಯದಲ್ಲಿ ಒಂದೆಡೆ ನಿಲ್ಲಬೇಕು. ಬಿಡದೆ ನಡೆಯುವವರು ಐದಾರು ತಿಂಗಳಿನಲ್ಲಿ ಮುಗಿಸುವುದೂ ಉಂಟು. ಎಲ್ಲಕ್ಕಿಂತ ಕಠಿಣವಾದ ನಿಯಮವೊಂದಿದೆ: ಸಂಕಲ್ಪವಾದ ಮೇಲೆ ನಡುವೆ ಎಲ್ಲಿಯೂ ನದಿಯನ್ನು ದಾಟಕೂಡದು. ಸಮುದ್ರಸಂಗಮದಲ್ಲಿ ಮಾತ್ರ ದೋಣಿಯೇರಿ ಆಚೆಯ ದಡಕ್ಕೆ ಹೋಗಬಹುದು.

ಇಂತಹ ಯಾತ್ರೆಗೆ ನಾವು ದಂಪತಿಗಳು ಪ್ರಬೋಧಿನೀ ಏಕಾದಶಿ ಕಳೆದ ಮೇಲೆ ಬೆಂಗಳೂರಿನಿಂದ ಹೊರಟೆವು. ನಡಿಗೆಯ ಕಥೆ ಇನ್ನು ಮುಂದಿನದು. ನಡಿಗೆಯ ಆರಂಭದ ಸ್ಥಳವನ್ನು ಮುಟ್ಟುವ ಪ್ರಯಾಣವೇ ಒಂದು ಪಾಠವಾದುದರಿಂದ ಅಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ಗಂಟಿನ ವಿಚಾರ ಮೊದಲು. ಹೊರುವವರು ನಾವೇ ಆದುದರಿಂದ ಎದುರು ಅಂಗಡಿಯವರ ತಕ್ಕಡಿಯಲ್ಲಿ ಎರಡು ಬೆನ್ನುಚೀಲಗಳನ್ನೂ ತೂಗಿಸಿದೆವು. ನಮ್ಮದು 7 ಕಿಲೋ, ನಮ್ಮ ಮನೆಯವರದು 5. ತಲಾ ಒಂದು ಕಂಬಳಿ, ಎರಡು ಜೊತೆ ಬಟ್ಟೆ, ಒಂದು ಚೊಂಬು, ಒಂದು ತಟ್ಟೆ. ಟಾರ್ಚು, ಔಷಧಿಯ ಪೊಟ್ಟಣ, ಸೂಜಿದಾರ, ಆಧಾರ್ ಚೀಟಿ, ಒಂದು ಮೊಬೈಲು. ದಾರಿಯ ಆಶ್ರಮಗಳಲ್ಲಿಯೂ ಹಳ್ಳಿಗಳಲ್ಲಿಯೂ ಪರಿಕ್ರಮವಾಸಿಗಳಿಗೆ ಸದಾವ್ರತವೆಂದು ಊಟವನ್ನೋ ಹಿಟ್ಟುಬೇಳೆಗಳನ್ನೋ ಕೊಡುವ ಪದ್ಧತಿ ಇರುವುದರಿಂದ ಅಡಿಗೆಯ ಸಾಮಾನು ಹೆಚ್ಚಾಗಿ ಬೇಕಿಲ್ಲ. ಆದರೂ ಮೆಂತ್ಯದ ಹಿಟ್ಟಿನ ಡಬ್ಬವೊಂದು ನಮ್ಮ ಮನೆಯವರ ಚೀಲವನ್ನು ಸೇರಿತು. ಗೃಹಿಣಿಯು ಮನೆಯನ್ನು ಬಿಟ್ಟರೂ ಮನೆ ಗೃಹಿಣಿಯನ್ನು ಬಿಡುವುದಿಲ್ಲ.

ಕರ್ನಾಟಕ ಎಕ್ಸ್‌ಪ್ರೆಸ್ ರೈಲು ಬೆಂಗಳೂರನ್ನು ಬಿಡುವುದು ಸಂಜೆಗೆ. ಆ ರಾತ್ರಿ ನಾವು ನಿದ್ರಿಸುತ್ತಿರುವಾಗಲೇ ತುಂಗಭದ್ರೆ ಹೋಯಿತು, ಕೃಷ್ಣೆ ಹೋಯಿತು, ಯಾದಗಿರಿಯ ಬಳಿ ಭೀಮೆಯೂ ಹೋಯಿತು. ಹಿಂದಿನವರು ಹರಿಗೋಲಿಗೆ ಕಾದು, ಮಿಂದು, ಅರ್ಘ್ಯವನ್ನು ಕೊಟ್ಟು ದಾಟುತ್ತಿದ್ದ ಮಹಾನದಿಗಳನ್ನು ನಾವು ಹೊದಿಕೆಯೊಳಗಿಂದ ಮುಖವನ್ನೂ ತೆಗೆಯದೆ ದಾಟಿದೆವು. ಸೊಲ್ಲಾಪುರ ಕಳೆದ ಮೇಲೆ ದೌಂಡದ ಸಮೀಪದಲ್ಲಿ ಭೀಮೆ ಮತ್ತೊಮ್ಮೆ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅಹಲ್ಯಾನಗರ. 2024ರವರೆಗೆ ಇದು ಅಹಮದ್‌ನಗರವಾಗಿತ್ತು. ಅಹಲ್ಯಾಬಾಯಿ ಹೋಳ್ಕರಳು 1725ರಲ್ಲಿ ಹುಟ್ಟಿದುದು ಈ ಜಿಲ್ಲೆಯ ಚೌಂಡಿ ಗ್ರಾಮದಲ್ಲಿ. ರಾಜ್ಯವಾಳಿದುದು ನರ್ಮದೆಯ ಉತ್ತರ ತೀರದ ಮಹೇಶ್ವರದಲ್ಲಿ. ನಮ್ಮ ಪ್ರಯಾಣದ ದಿಕ್ಕೇ ಆ ಪುಣ್ಯವತಿಯ ಜೀವನದ ದಿಕ್ಕೂ ಆಗಿದ್ದಿತು.

ಮುಂದೆ ಗೋದಾವರಿ. ನಿತ್ಯದ ಸಂಕಲ್ಪದಲ್ಲಿ ದೇಶವನ್ನು ಹೇಳುವಾಗ ನಾವು ಗೋದಾವರಿಯ ದಕ್ಷಿಣ ತೀರದವರೆಂದು ಹೇಳಿಕೊಳ್ಳುವುದು ವಾಡಿಕೆ. ಉಪನಯನವಾದಂದಿನಿಂದ ಹೇಳಿದ ಆ ಮಾತು, ರೈಲು ಸೇತುವೆಯನ್ನು ದಾಟಿದ ಅರ್ಧ ನಿಮಿಷದಲ್ಲಿ ನಮಗೆ ಸಲ್ಲದಂತಾಯಿತು. ಇನ್ನು ನಾವು ನರ್ಮದೆಯ ದಕ್ಷಿಣ ತೀರದವರು. ದೂರವೆಂಬುದನ್ನು ಗಡಿಯಾರವಾಗಲಿ ಚೀಟಿಯಾಗಲಿ ತಿಳಿಸಿರಲಿಲ್ಲ. ಈ ಒಂದು ಪದದ ಬದಲಾವಣೆ ತಿಳಿಸಿತು. ಮನೆಯಿಂದ ಹೊರಟಿದ್ದೇವೆಂಬುದು ಎದೆಗೆ ತಟ್ಟಿದುದು ಆಗಲೇ.

ಭುಸಾವಳವನ್ನು ಬಿಟ್ಟಾಗ ಕತ್ತಲಾಗಿದ್ದಿತು. ತಾಪಿಯನ್ನು ದಾಟಿದುದು ಸದ್ದಿನಿಂದ ಮಾತ್ರ ಗೊತ್ತಾಯಿತು. ಮುಂದೆ ಸಾತಪುಡಾ ಬೆಟ್ಟದ ಸಾಲು. ಅದರ ಆಚೆಗೆ ನರ್ಮದೆ. ಆಗ ನಮ್ಮ ಮನೆಯವರು, ಅಷ್ಟು ದಿನವೂ ಇಬ್ಬರೂ ಆಡದೆ ಉಳಿಸಿದ್ದ ಮಾತನ್ನು ಆಡಿದರು.

"ಅಲ್ಲಾ, ನಡುದಾರೀಲಿ ನನ್ನ ಮಂಡಿ ಸೋತರೆ ಏನು ಮಾಡ್ತೀರಿ?"

ಆಕೆಯ ಎಡಮಂಡಿಯ ನೋವು ಎರಡು ವರ್ಷದ್ದು. ವೈದ್ಯರು ನಿತ್ಯ ನಡೆಯಿರೆಂದು ಹೇಳಿದ್ದರು. ಎಷ್ಟು ದೂರವೆಂದು ಹೇಳಿರಲಿಲ್ಲ. ಪರಿಕ್ರಮ ನಮ್ಮದೊಂದು ಬಯಕೆಯಾಗಿತ್ತೇ ಹೊರತು ಹರಕೆ ಆಕೆಯದು.

"ನಿಲ್ಲುತ್ತೇವೆ," ಎಂದೆವು.

"ನೀವು ಯಾಕೆ ನಿಲ್ಲಬೇಕು? ನನ್ನನ್ನ ಒಂದು ಆಶ್ರಮದಲ್ಲಿ ಬಿಟ್ಟು ನೀವು ಮುಗಿಸಿ ಬನ್ನಿ. ನನ್ನಿಂದ ನಿಮ್ಮ ವ್ರತ ಕೆಟ್ಟಿತು ಅನ್ನೋ ಮಾತು ನನಗೆ ಬೇಡ."

ಆಕೆಯ ದನಿಯಲ್ಲಿ ಕೋಪವಿರಲಿಲ್ಲ, ಭಯವಿದ್ದಿತು. ಸಂಕಲ್ಪದಲ್ಲಿ ಧರ್ಮಪತ್ನಿಯೊಡನೆ ಎಂದು ಹೇಳಿಯೇ ವ್ರತವನ್ನು ಹಿಡಿಯುವುದು. ಒಬ್ಬರು ಬಿಟ್ಟು ಇನ್ನೊಬ್ಬರು ಮುಗಿಸಿದರೆ ಅದು ಹಿಡಿದ ವ್ರತವೇ ಅಲ್ಲವೆಂದು ನಾವು ತಿಳಿಸಿ ಹೇಳಿದೆವು. ತುಂಡು ತುಂಡಾಗಿ ನಡೆಯುವ ಖಂಡಪರಿಕ್ರಮವೂ ರೂಢಿಯಲ್ಲಿದೆ. ಜಬಲ್ಪುರದಲ್ಲಿ ಚಿತ್ರಕಲೆಯ ಅಧ್ಯಾಪಕರಾಗಿದ್ದ ಅಮೃತಲಾಲ ವೇಗಡರು 1977ರಲ್ಲಿ ನಡೆಯತೊಡಗಿ, ಅನೇಕ ವರ್ಷಗಳಲ್ಲಿ ಹೀಗೆಯೇ ನಡೆದರು. ಮುಂದಿನ ಯಾತ್ರೆಗಳಲ್ಲಿ ಪತ್ನಿಯೂ ಜೊತೆಗೂಡಿದರು. ನರ್ಮದೆಯನ್ನು ಕುರಿತ ಅವರ ಗುಜರಾತಿ ಗ್ರಂಥಕ್ಕೆ 2004ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆದುದರಿಂದ ಇಬ್ಬರೂ ಒಡಂಬಟ್ಟುದು ಇಷ್ಟು: ಒಬ್ಬರ ಕಾಲು ಸೋತಲ್ಲಿ ಇಬ್ಬರೂ ನಿಲ್ಲುವುದು; ಮರುವರ್ಷ ನಿಂತಲ್ಲಿಂದಲೇ ಹೊರಡುವುದು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಿಮ್ಮ ಕಾಲು ಸೋತರೂ ಇದೇ ಮಾತು," ಎಂದು ಚಪಾತಿಯ ಪೊಟ್ಟಣವನ್ನು ಬಿಚ್ಚಿದರು.

ರಾತ್ರಿ ಖಂಡ್ವಾದಲ್ಲಿ ಇಳಿದು ಧರ್ಮಶಾಲೆಯಲ್ಲಿ ತಂಗಿ, ಬೆಳಿಗ್ಗೆ ಬಸ್ಸನ್ನು ಹಿಡಿದೆವು. ಓಂಕಾರೇಶ್ವರಕ್ಕೆ ಸುಮಾರು 70 ಕಿಲೋಮೀಟರು. ನಿಮಾಡ ಸೀಮೆಯ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು. ನಮ್ಮ ಚೀಲಗಳನ್ನು ಕಂಡ ಕಂಡಕ್ಟರು "ನರ್ಮದೇ ಹರ್" ಎಂದು ಕೈಮುಗಿದು ಮುಂದಿನ ಸೀಟನ್ನು ತೆರವು ಮಾಡಿಸಿದನು. ಸನಾವದ, ಮೋರ್ಟಕ್ಕಾಗಳನ್ನು ಕಳೆದು ಮಧ್ಯಾಹ್ನಕ್ಕೆ ಮುನ್ನವೇ ಊರನ್ನು ಮುಟ್ಟಿದೆವು.

ಓಂಕಾರೇಶ್ವರನ ಜ್ಯೋತಿರ್ಲಿಂಗವಿರುವುದು ಮಾಂಧಾತಾ ಎಂಬ ನಡುಗಡ್ಡೆಯಲ್ಲಿ. ಮಮಲೇಶ್ವರನ ಗುಡಿ ದಕ್ಷಿಣ ದಡದಲ್ಲಿ. ನಾಳೆ ಸಂಕಲ್ಪವಾದರೆ ನಡುಗಡ್ಡೆಗೆ ಕಾಲಿಡುವುದೂ ನದಿಯನ್ನು ದಾಟಿದಂತೆಯೇ. ಆದುದರಿಂದ ದರ್ಶನವು ಇಂದೇ ಆಗಬೇಕು. ಸೇತುವೆಯಿಂದ ಹೋಗಿ, ಸಾಲಿನಲ್ಲಿ ನಿಂತು, ದರ್ಶನವನ್ನು ಮಾಡಿ ಬಂದೆವು. ನಡುಗಡ್ಡೆಯ ಉತ್ತರಕ್ಕೆ ಹರಿಯುವ ಕವಲಿಗೆ ಇಲ್ಲಿಯವರು ಕಾವೇರಿ ಎನ್ನುತ್ತಾರೆ! ಇಷ್ಟು ದೂರದಲ್ಲಿ ಆ ಹೆಸರನ್ನು ಕೇಳಿ ನಮ್ಮ ಮನೆಯವರು ಅತ್ತ ಕೈಮುಗಿದರು. ಶಂಕರರು ಗೋವಿಂದ ಭಗವತ್ಪಾದರನ್ನು ಕಂಡುದು ಇಲ್ಲಿಯೇ ಎಂಬುದು ಸಂಪ್ರದಾಯ. ಬಾಲಶಂಕರರ 108 ಅಡಿಯ ಪ್ರತಿಮೆಯು 2023ರಲ್ಲಿ ಅನಾವರಣವಾಯಿತು. ಮೇಲ್ಗಡೆ ಅಣೆಕಟ್ಟು ನಿಂತಿದೆ. ಈ ನದಿಯ ಅಣೆಕಟ್ಟುಗಳು ನೀರು, ವಿದ್ಯುತ್ತುಗಳನ್ನು ಕೊಟ್ಟಂತೆಯೇ ಹಳೆಯ ದಾರಿಗಳನ್ನೂ ಊರುಗಳನ್ನೂ ಮುಳುಗಿಸಿವೆ. ಇಂದಿರಾ ಸಾಗರಕ್ಕಾಗಿ 2004ರಲ್ಲಿ ಹರಸೂದ ಪಟ್ಟಣವನ್ನೇ ಬರಿದು ಮಾಡಬೇಕಾಯಿತು. ಪರಿಕ್ರಮವಾಸಿಗಳು ಜಲಾಶಯಗಳನ್ನು ಬಳಸಿಕೊಂಡು ಹೋಗಬೇಕಾದುದರಿಂದ ಲೆಕ್ಕದ ದೂರಕ್ಕಿಂತ ಕಾಲಿನ ದೂರ ಹೆಚ್ಚು.

ಸಾಯಂಕಾಲ ದಕ್ಷಿಣದ ಘಟ್ಟದ ಮೆಟ್ಟಿಲಲ್ಲಿ ಕುಳಿತೆವು. ಹರ್ಷವರ್ಧನನನ್ನು ಚಾಲುಕ್ಯ ಪುಲಿಕೇಶಿಯು ಸೋಲಿಸಿದನೆಂದು, ನರ್ಮದೆಯೇ ಇಬ್ಬರಿಗೂ ಮೇರೆಯಾಯಿತೆಂದು, ಐಹೊಳೆಯ 634ರ ಶಾಸನವನ್ನು ತೋರಿಸಿ ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದ್ದೆವು. ಪುಸ್ತಕದಲ್ಲಿ ಅದು ಒಂದು ಗೆರೆ. ಇಲ್ಲಿ ಹಸುರುನೀರು, ದೋಣಿಗಳು, ದೀಪಗಳು. ಚಕ್ರವರ್ತಿಗೆ ಸೋಲಾಗಿದ್ದ ಮೇರೆಯೇ ನಡೆದುಹೋಗುವವನಿಗೆ ನಿಯಮವಾಗಿದೆ.

ಈ ಯಾತ್ರೆಯನ್ನು ಬಯಸುವ ಗೃಹಸ್ಥರಿಗೆ ನಮ್ಮ ವಿಜ್ಞಾಪನೆ ಎರಡೇ. ಚೀಲವನ್ನು ಮನೆಯಲ್ಲಿಯೇ ತೂಗಿ ನೋಡಿರಿ. ದಂಪತಿಗಳು ಹೊರಡುವುದಾದರೆ, ಕಾಲು ಸೋತರೇನೆಂಬ ಮಾತನ್ನು ದಡವನ್ನು ಮುಟ್ಟುವ ಮೊದಲೇ ಆಡಿ ಮುಗಿಸಿರಿ. ಆ ಮಾತು ಎರಡು ಚೀಲಗಳಿಗಿಂತಲೂ ಭಾರವಾದುದು.

ಇದನ್ನು ಬರೆಯುವಾಗ ನಮ್ಮ ಮನೆಯವರು ಮಂಡಿಗೆ ಎಣ್ಣೆಯನ್ನು ತಿಕ್ಕಿಕೊಂಡು ಮಲಗಿದ್ದಾರೆ. ನಾಳೆ ಪ್ರಾತಃಕಾಲ ಸ್ನಾನ, ಕನ್ಯಾಪೂಜೆ, ಸಂಕಲ್ಪ. ಚಿಕ್ಕ ಸೀಸೆಯಲ್ಲಿ ನರ್ಮದೆಯ ನೀರನ್ನು ತುಂಬಿಕೊಂಡು, ಬಲಗಡೆಗೆ ನದಿಯನ್ನು ನೋಡುತ್ತ ಪಶ್ಚಿಮಕ್ಕೆ ಹೊರಡುವುದು.