ಜೋಳಿಗಿಗೆ ಥಂಡಿ ಕೆಳಗಿಂದ ಬರ್ತೈತಿ

ಹೋದ ಡಿಸೆಂಬರ್‌ದಾಗ ನಮ್ಮ ಹುಡುಗಿ ಸೂಟಿಗೆ ಬಂದಾಕಿ ಬ್ಯಾಗ್ ಇಳಿಸಿ ಚಾ ಕುಡಿಯೂದಕ್ಕೂ ಮೊದಲ, "ಅವ್ವಾ, ಗೆಳತ್ಯಾರ ಜೋಡಿ ಜೋಯಿಡಾಕ್ಕ ಹೊಂಟೀನಿ. ಹೋಮ್‌ಸ್ಟೇದವರ ತ್ವಾಟದಾಗ ಗಿಡಕ್ಕ ಹ್ಯಾಮಕ್ ಕಟ್ಟಿ ಎರಡು ರಾತ್ರಿ ಮಲಗತೀವಿ" ಅಂದ್ಲು. ಹ್ಯಾಮಕ್ ಅಂದ್ರೇನು ಅಂತ ಕೇಳಿದ್ರ ಬ್ಯಾಗಿನಿಂದ ತಗದು ಬಿಚ್ಚಿ ತೋರಿಸಿದ್ಲು. ನೈಲಾನ್ ಅರಬಿ, ಎರಡೂ ತುದಿಗೆ ಹಗ್ಗ. ನನಗ ನಗು ಬಂತು. ನಮ್ಮ ಜೋಳಿಗಿನ ಅದು! ಕಬ್ಬು ಕಡಿಯೋ ಗ್ಯಾಂಗಿನ ಹೆಣ್ಣಮಕ್ಕಳು ಹಳೇ ಸೀರಿ ತಗೊಂಡು ಬೇವಿನ ಗಿಡಕ್ಕ ಕಟ್ಟಿ ಕೂಸು ಮಲಗಸ್ತಾರಲ್ಲ, ಅದ. ಕೊಲಂಬಸ್ 1492ರಾಗ ಬಹಾಮಾ ದ್ವೀಪದ ಮಂದಿ ಹಿಂಗ ಮಲಗೂದು ನೋಡಿ ಬರದಿಟ್ಟಿದ್ದಾನಂತ. ಅಷ್ಟು ದೂರ ಯಾಕ, ಸುಗ್ಗಿ ಟೈಮಿಗೆ ನಮ್ಮ ಹೊಲದ ಬದುವಿಗೆ ಬಂದಿದ್ರ ಸಾಕಿತ್ತು.

ನಗು ಅಲ್ಲಿಗೇ ಮುಗೀತು. ಹೊಚಗೊಳ್ಳೂದು ಏನು ಅನ್ನೂದಕ್ಕ ನಮ್ಮಿಬ್ಬರ ಜಗಳ ಹತ್ತಿತು.

ಆಕಿ ಗೆಳತಿ ಕಡೆಯಿಂದ ಒಂದು ಸ್ಲೀಪಿಂಗ್ ಬ್ಯಾಗ್ ಇಸಗೊಂಡು ಬಂದಿದ್ಲು. ನಾ ಅಂದೆ, ಆ ಚೀಲದಾಗ ಹೊಕ್ಕು ಮಲಗೂದು ಏನು ಚಂದ, ನಮ್ಮ ದೊಡ್ಡ ಕೌದಿ ಒಯ್ಯಿ. ಆಕಿ ಏನೂ ಮಾತಾಡದ ಕಾಳು ತೂಗೋ ತಕ್ಕಡಿ ತಂದ್ಲು. ಕೌದಿ ಮೂರೂವರಿ ಕಿಲೋ, ಚೀಲ ಒಂದೂಕಾಲು ಕಿಲೋ. "ಬೆನ್ನ ಮ್ಯಾಲೆ ಹೊರಾಕಿ ನಾನು" ಅಂದ್ಲು. ನಾ ಸುಮ್ಮನಾಗಲಿಲ್ಲ. ಕೌದಿ ಬ್ಯಾಡ ಅಂದ್ರ ನಮ್ಮನ್ನ ಬ್ಯಾಡ ಅಂದಂಗ ಆಕ್ಕೈತಿ ನೋಡ್ರಿ, ಮಕ್ಕಳಿಗೆ ಅದು ತಿಳಿಯೂದಿಲ್ಲ.

ಚೀಲದ ಮ್ಯಾಲೆ ಎರಡು ಅಂಕಿ ಇದ್ವು, ಕಂಫರ್ಟ್ 10, ಲಿಮಿಟ್ 5. ಆಕಿ 5 ಅನ್ನೂದನ್ನ ನೋಡಿ ಧೈರ್ಯ ಮಾಡಿದ್ಲು. ಆಮ್ಯಾಲೆ ಮೊಬೈಲ್‌ನ್ಯಾಗ ಓದಿ ಆಕಿನ ಹೇಳಿದ್ಲು, ಕಂಫರ್ಟ್ ಅನ್ನೂದು ಹೆಣ್ಣಮಗಳು ಆರಾಮಾಗಿ ನಿದ್ದಿ ಮಾಡೋ ಲೆಕ್ಕ, ಲಿಮಿಟ್ ಅನ್ನೂದು ಗಂಡಸು ಮುದುಡಿಕೊಂಡು ಹೆಂಗೋ ರಾತ್ರಿ ಕಳಿಯೋ ಲೆಕ್ಕ ಅಂತ. ಹೆಣ್ಣಮಕ್ಕಳು ತಗೊಳ್ಳೋರಿದ್ರ ಕಂಫರ್ಟ್ ಅಂಕಿನ ನೋಡ್ರಿ. ಇನ್ನೊಂದು ಮಾತು, ಆ ಲೆಕ್ಕ ಮಾಡೂದು ಕೆಳಗ ಚಾಪಿ ಹಾಸಿದಾಗ. ಗಾಳ್ಯಾಗ ತೂಗಾಡೋರಿಗೆ ಅಲ್ಲ.

ಹಂಗಂದ್ರ ಮನಿ ಮುಂದ ಒಂದು ರಾತ್ರಿ ಮಲಗಿ ನೋಡು ಅಂದೆ. ಹಿತ್ತಲದಾಗ ಬೇವಿನ ಗಿಡಕ್ಕೂ ಹುಣಸಿ ಗಿಡಕ್ಕೂ ಕಟ್ಟಿದ್ಲು. ಕುಂತ್ರ ಕಾಲು ನೆಲಕ್ಕ ಮುಟ್ಟುವಷ್ಟು ಎತ್ತರ ಇರಬೇಕು, ಉದ್ದಕ್ಕ ಮಲಗದ ಸ್ವಲ್ಪ ಓರಿಯಾಗಿ ಮಲಗಿದ್ರ ಬೆನ್ನ ಬಾಗೂದಿಲ್ಲ ಅಂತ ನನಗೂ ಕಲಿಸಿದ್ಲು. ಕಾಲುವಿಗೆ ನೀರು ಬಿಟ್ಟಿದ್ರು, ಕಬ್ಬಿನ ಹೊಲದ ಮ್ಯಾಲಿಂದ ಗಾಳಿ ಬೀಸತಿತ್ತು. ಜೋಳಿಗ್ಯಾಗ ಕುಂತು ಚೀಲದೊಳಗ ಕಾಲು ಹಾಕೂದ ಒಂದು ಕುಸ್ತಿ. ನಾ ನಡುರಾತ್ರಿ ಎರಡು ಸಲ ಎದ್ದು ಕಿಡಕ್ಯಾಗಿಂದ ನೋಡಿದೆ. ಮೂರನೇ ಸಲ ನೋಡಿದ್ರ ಎದ್ದು ಕುಂತಿದ್ಲು.

"ಎದಿ ಬೆಚ್ಚಗೈತಿ ಅವ್ವಾ, ಬೆನ್ನಾಗ ಬರ್ಫ ಇಟ್ಟಂಗ ಆಗೈತಿ."

ನಾ ಗೆದ್ದೆ ಅನಕೊಂಡು ದೊಡ್ಡ ಕೌದಿ ತಂದು ಆಕಿ ಕೆಳಗ ಹಾಸಿದೆ. ಅರ್ಧ ತಾಸಿನ್ಯಾಗ ಅದು ಜಾರಿ ಕಾಲ ಕಡೆ ಗಂಟಾಗಿ ಕುಂತಿತ್ತು. ಇಬ್ಬರೂ ಸೋತು ಒಳಗ ಬಂದು ಮಲಗಿದ್ವಿ.

ಮುಂಜಾನೆ ಸೀನಾಕತ್ತಿದ್ದ ಮೊಮ್ಮಗಳನ್ನ ನೋಡಿ ಅತ್ತಿಯವರು ಬೈದ್ರು, ಆಕಿಗಲ್ಲ, ನನಗ. "ಎರಡು ಹಡದೀದಿ, ಜೋಳಿಗಿಗೆ ಥಂಡಿ ಎಲ್ಲಿಂದ ಬರ್ತೈತಿ ಅನ್ನೂದು ಮರತಿಯೇನ? ಹೊಲದಾಗ ಕೂಸಿಗೆ ಕೌದಿ ಒಳಗ ಹಾಸತಿದ್ದಿಲ್ಲ, ಸೀರಿ ಹೊರಗಿಂದ ಕಟ್ಟತಿದ್ವಿ." ಚೀಲದಾಗಿನ ಹತ್ತಿ ಮೈಭಾರಕ್ಕ ಒತ್ತಿ ಹಪ್ಪಳ ಆಕ್ಕೈತಿ. ಉಬ್ಬಿದ್ದಾಗ ಅದರಾಗ ಗಾಳಿ ನಿಂತು ಬೆಚ್ಚಗಿಡತೈತಿ, ಒತ್ತಿದ ಮ್ಯಾಲೆ ಅರಬಿ ಅಷ್ಟ ಉಳಿತೈತಿ. ಹೊರಗಿಂದ ಕಟ್ಟಿದ ಕೌದಿ ಮ್ಯಾಲೆ ಯಾರ ಭಾರನೂ ಬೀಳೂದಿಲ್ಲ, ಕೆಳಗಿನ ಗಾಳಿನೂ ತಡೀತೈತಿ. ಹೊರದೇಶದಾಗ ಜೋಳಿಗಿ ಕೆಳಗ ಕಟ್ಟಾಕಂತನ ಬ್ಯಾರೆ ಕೌದಿ ಮಾರತಾರಂತ, ಹುಡುಗಿ ಹುಡುಕಿ ತೋರಿಸಿದ್ಲು. ಅದರ ರೇಟ್ ನೋಡಿ ಅತ್ತಿಯವರು ಎಲಿ ಉಗುಳಿ ಬಂದ್ರು.

ಆದ್ರ ಮೂರೂವರಿ ಕಿಲೋದ್ದು ಕಟ್ಟೂದು ಹೆಂಗ? ಅದನ್ನ ಕತ್ತರಿಸೋಣ ಅಂತ ಹುಡುಗಿ ಅಂದ್ಲು. ನಾ ಒಪ್ಪಲಿಲ್ಲ. ಬೆನ್ನಿಗೆ, ಅಂದ್ರ ಹೆಗಲಿಂದ ಟೊಂಕದ ಕೆಳಗಿನ ತನಕ ಬಂದ್ರ ಸಾಕು ಅಂತ ಅತ್ತಿಯವರು ಕೈಯಿಂದ ಅಳದು ತೋರಿಸಿದಾಗ ನನಗ ಟ್ರಂಕಿನಾಗಿಂದು ನೆನಪಾತು. ನೆನಪಾಗಿ ಬಾಯಿ ಮುಚಗೊಂಡೆ.

ಅದು ಈಕಿ ಹುಟ್ಟಿದಾಗ ನಮ್ಮ ಅವ್ವ ಹೊಲದ ಕೂಸಿನ ಕೌದಿ. ಬಾಣಂತನಕ್ಕ ನಾ ಹುಕ್ಕೇರಿಗೆ ತವರಮನಿಗೆ ಹೋದಾಗ, ತನ್ನ ಎರಡು ಇಳಕಲ್ ಸೀರಿ, ನಮ್ಮ ಅಪ್ಪನ ಒಂದು ಧೋತರ ಹರದು, ಕಣ್ಣು ಮಂಜಾಗಿದ್ರೂ ಪಡಸಾಲ್ಯಾಗ ಕುಂತು ಒಂದೊಂದ ಹೊಲಿಗಿ ಹಾಕಿದ್ಲು. ಕಡೀ ಮೂಲಿ ಮುಚ್ಚೂದಕ್ಕಿಂತ ಮೊದಲ ಒಳಗ ಒಂದು ಚೂರು ಹೋಳಿಗಿ ಇಟ್ಲು, ಕೌದಿ ಹೊಟ್ಟಿ ಖಾಲಿ ಇರಬಾರದು ಅಂತ. ಅವ್ವ ಹೋಗಿ ಒಂಬತ್ತು ವರ್ಷ ಆತು. ಆಕಿ ಕೈಯಿಂದು ನನ್ನ ಹತ್ರ ಉಳದದ್ದು ಅದೊಂದ. ಡಾಂಬರ ಗುಳಿಗಿ ಹಾಕಿ ಇಟ್ಟಿದ್ದೆ, ಯಾರಿಗೂ ತೋರಿಸತಿದ್ದಿಲ್ಲ.

ಎರಡು ದಿನ ಹೇಳಲಿಲ್ಲ. ಆಕಿ ಬಜಾರಕ್ಕ ಹೋಗಿ ಫೋಮ್ ಚಾಪಿ ತರತೀನಿ ಅಂದ್ಲು. ಅದೂ ನಡೀತೈತಿ, ಖರೇ ಹೇಳಬೇಕಂದ್ರ. ಸುಮ್ಮನ ಇದ್ದಿದ್ರ ಆಗತಿತ್ತು. ಮೂರನೇ ದಿನ ರಾತ್ರಿ ನಾನ ಟ್ರಂಕ್ ತಗದೆ. ತೂಗಿದ್ರ ಒಂದು ಕಿಲೋಕ್ಕೂ ಕಡಿಮಿ. ನಾಲ್ಕು ಮೂಲಿಗೆ ಲಂಗದ ಲಾಡಿ ಹಚ್ಚಿ ಹೊಲದೆ. ದಬ್ಬಣ ಅವ್ವನ ಹೊಲಿಗಿ ಮ್ಯಾಲೆ ಹಾಯ್ದಾಗ ಕೈ ತಡಿತು, ಬಾಜೂಕ ಸರಿಸಿ ಹಾಕಿದೆ.

ಮತ್ತ ಹಿತ್ತಲದಾಗ ಕಟ್ಟಿದ್ವಿ. ಬೆನ್ನಿಗೆ ತಾಗಬೇಕು, ಒತ್ತಬಾರದು. ಜೋತುಬಿದ್ರ ನಡುವ ಗಾಳಿ ಹೊಗತೈತಿ. ಚೀಲದ ಜಿಪ್ ಬಿಚ್ಚಿ, ಕಾಲ ಕಡೆ ಅಷ್ಟು ಮುಚ್ಚಿ, ಮ್ಯಾಲೆ ಚಾದರ ಹೊಚ್ಚಿದಂಗ ಹೊಚಗೊಂಡ್ಲು. ಮುಂಜಾನೆ ಏಳರ ತನಕ ಏಳಲಿಲ್ಲ. ಇಬ್ಬನಿಗೆ ಅರಳಿ ಅರಬಿ ಹಸಿ ಆದ್ರ ಒಣಗೂದಿಲ್ಲ, ಅದಕ ಮ್ಯಾಲೆ ತಾಡಪತ್ರಿ ಕಟ್ಟು ಅಂತ ಹೇಳಿ, ಗೋಕಾಕ ಕರದಂಟು ಕಟ್ಟಿ ಕಳಿಸಿದೆ.

ಜೋಯಿಡಾದಿಂದ ಎರಡನೇ ದಿನ ಫೋನ್ ಬಂತು. ಗೆಳತ್ಯಾರೆಲ್ಲಾ ನಡುಗಿ ನಡುಗಿ ಬೆಂಕಿ ಮುಂದ ಬೆಳಕು ಹರಿಸಿದ್ರಂತ, ಈಕಿ ಮಲಕೊಂಡಿದ್ಲಂತ. "ಯಾರು ಹೊಲದಿದ್ದು ಅಂತ ಕೇಳಿದ್ರು ಅವ್ವಾ, ನಮ್ಮ ಆಯಿ ಅಂದೆ."

ಕೌದಿ ಇನ್ನೂ ವಾಪಸ್ ಬಂದಿಲ್ಲ. ಹಾಸ್ಟೆಲ್‌ನ್ಯಾಗ ಐತಿ. ಕೇಳಿದಾಗೊಮ್ಮೆ "ಒಗದು ಒಣಗಾಕ ಹಾಕೀನಿ" ಅಂತಾಳ, ಮೂರು ತಿಂಗಳಾತು.